ಸರ್ಕಾರಿ ಶಾಲೆಗೆ ಧ್ಯಾನದ ಕ್ಲಾಸು: ಒಪ್ಪಿಕೊಳ್ಳಲಾ, ಬೇಡವಾ?

ಲಿಂಗಸುಗೂರು ಮೇಷ್ಟ್ರು · ಸೋಮವಾರ ರಾತ್ರಿ 9:12

ಲಿಂಗಸುಗೂರು ತಾಲ್ಲೂಕಿನ ಹಳ್ಳಿಯೊಂದರ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. 214 ಮಕ್ಕಳು, ನಾವು ಏಳು ಜನ, ಅದರಲ್ಲಿ ಮೂವರು ಅತಿಥಿ ಶಿಕ್ಷಕರು. ಇಷ್ಟು ಹೇಳಿದರೆ ಉಳಿದದ್ದು ನಿಮಗೇ ಗೊತ್ತಾಗುತ್ತದೆ.

ವಿಷಯ ಏನೆಂದರೆ, ಬೆಂಗಳೂರಿನ ಒಂದು ಸಂಸ್ಥೆಯವರು 6, 7, 8ನೇ ಕ್ಲಾಸಿನ ಮಕ್ಕಳಿಗೆ ದಿನಾ 15 ನಿಮಿಷ ಧ್ಯಾನ ಕಲಿಸುತ್ತೇವೆ ಅಂತ ಬಂದಿದ್ದಾರೆ. ದುಡ್ಡು ಬೇಡವಂತೆ. ಬೆಳಿಗ್ಗೆ 9:15ಕ್ಕೆ, ಪ್ರಾರ್ಥನೆಗೆ ಮೊದಲು. ಮಕ್ಕಳ ಗಮನ ಹೆಚ್ಚುತ್ತದೆ, ಜಗಳ ಕಡಿಮೆಯಾಗುತ್ತದೆ ಅನ್ನುತ್ತಾರೆ.

ನಮ್ಮ ಮಕ್ಕಳಲ್ಲಿ ಅರ್ಧಕ್ಕರ್ಧ ಜನರ ಅಪ್ಪ ಅಮ್ಮ ದೀಪಾವಳಿ ಮುಗಿದ ಮೇಲೆ ಬೆಂಗಳೂರಿಗೆ ಕಟ್ಟಡ ಕೆಲಸಕ್ಕೆ ಹೋಗುತ್ತಾರೆ, ಯುಗಾದಿ ಹೊತ್ತಿಗೆ ಬರುತ್ತಾರೆ. ಅಲ್ಲಿಯತನಕ ಮಕ್ಕಳು ಅಜ್ಜಿ ಹತ್ತಿರ. ಸಿಟ್ಟು, ಹೊಡೆದಾಟ, ಸುಮ್ನೆ ಗೋಡೆ ನೋಡುತ್ತಾ ಕೂರುವುದು, ಎಲ್ಲಾ ಇದೆ. ಏನಾದರೂ ಬೇಕು ಅನ್ನುವುದಂತೂ ನಿಜ.

ಗುರುವಾರ ಡೆಮೊ ಮಾಡಿದರು. ವರಾಂಡದಲ್ಲಿ 60 ಮಕ್ಕಳು ಕೂತರು. ಬಂದಿದ್ದ ಹುಡುಗಿ ಒಳ್ಳೆಯವಳು, ದನಿ ಮೆತ್ತಗೆ. "ಕಣ್ಣು ಮುಚ್ಚಿ, ನೀವು ಸಮುದ್ರದ ದಂಡೆಯಲ್ಲಿ ಕೂತಿದ್ದೀರಿ ಅಂದ್ಕೊಳ್ಳಿ" ಅಂದಳು. ನಮ್ಮ ಮಕ್ಕಳಲ್ಲಿ ಒಬ್ಬರೂ ಸಮುದ್ರ ನೋಡಿಲ್ಲ. ಒಬ್ಬ ಹುಡುಗ ಕಣ್ಣು ಮುಚ್ಚಿಕೊಂಡೇ "ನಾರಾಯಣಪುರ ಡ್ಯಾಮ್ ನಡೀತದಾ ಟೀಚರ್" ಅಂತ ಕೇಳಿದ.

ಏಳನೇ ಕ್ಲಾಸಿನ ಒಬ್ಬ ಹುಡುಗಿ ಮಾತ್ರ ಕಣ್ಣು ಮುಚ್ಚಲೇ ಇಲ್ಲ. ಕಂಬ ಹಿಡಿದುಕೊಂಡು ಅಂಗಳದ ಕಡೆಗೇ ನೋಡುತ್ತಿದ್ದಳು. ಟೀಚರ್ ಮೂರು ಸಲ "ಕಣ್ಣು ಮುಚ್ಚು ಪುಟ್ಟಾ" ಅಂದರು. ನಾಲ್ಕನೇ ಸಲಕ್ಕೆ ಎದ್ದು ನಲ್ಲಿಯ ಹತ್ತಿರ ಹೋಗಿ ನಿಂತುಬಿಟ್ಟಳು. ಉಳಿದವರು ಕಿಸಕ್ಕೆಂದರು. ಅದು ನನ್ನ ತಲೆಯಿಂದ ಹೋಗುತ್ತಿಲ್ಲ.

ಶನಿವಾರ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆ. ಒಪ್ಪಿಕೊಳ್ಳಲಾ? ಇಂಥದ್ದು ನಡೆಸಿದ ಅನುಭವ ಯಾರಿಗಾದರೂ ಇದೆಯಾ?

ಬಿಸಿಯೂಟ ಪ್ರೇಮಿ · ಸೋಮವಾರ ರಾತ್ರಿ 9:20

ಲಿಂಗಸುಗೂರಲ್ಲಿ ಸಮುದ್ರ! ನೀರಿನ ಟ್ಯಾಂಕರ್ ಬಂತು ಅಂದ್ಕೊಳ್ಳಿ ಅಂದಿದ್ದರೆ ಮಕ್ಕಳು ಸೀದಾ ಸಮಾಧಿಗೇ ಹೋಗುತ್ತಿದ್ದರು.

ಪಾವಗಡದ ಟೀಚರಮ್ಮ · ಸೋಮವಾರ ರಾತ್ರಿ 9:51

ಮೇಷ್ಟ್ರೇ, ಮೊದಲ ಪ್ರಶ್ನೆ: 9:15ಕ್ಕೆ ಬರುವ ಮಕ್ಕಳು ತಿಂದು ಬಂದಿರುತ್ತಾರಾ?

ನಾನು 31 ವರ್ಷ ಕೆಲಸ ಮಾಡಿ ನಿವೃತ್ತಿ ಆದವಳು. ಸೋಮವಾರದ ಪ್ರಾರ್ಥನೆ ಅಂದರೆ ನನಗೆ ಭಯ. ವಾರದ ಬೇರೆ ದಿನ ಇಲ್ಲ, ಸೋಮವಾರವೇ ಒಂದೋ ಎರಡೋ ಮಕ್ಕಳು ತಲೆ ಸುತ್ತಿ ಬೀಳುತ್ತಿದ್ದವು. ಏನೋ ಬಿಸಿಲು ಅಂದುಕೊಂಡಿದ್ದೆ. ಒಬ್ಬ ಅಡುಗೆಯಮ್ಮ ಹೇಳಿದಳು, "ಭಾನುವಾರ ಇಲ್ಲಿ ಊಟ ಇರಲ್ವಲ್ಲ ಮೇಡಂ." ಅಷ್ಟು ವರ್ಷ ಪಾಠ ಮಾಡಿದ ನನಗೆ ಹೊಳೆದಿರಲಿಲ್ಲ.

2013ರಲ್ಲಿ ಕ್ಷೀರಭಾಗ್ಯ ಬಂತಲ್ಲ, ಆಮೇಲೆ ನಾವು ಹಾಲನ್ನು ಪ್ರಾರ್ಥನೆಗೆ ಮೊದಲೇ ಕೊಡಲು ಶುರು ಮಾಡಿದೆವು. ಬೀಳುವುದು ನಿಂತಿತು. ಈಗ ರಾಗಿ ಮಾಲ್ಟ್ ಇದೆ, ಮೊಟ್ಟೆ ಇದೆ. ಧ್ಯಾನ ಬೇಡ ಅನ್ನುತ್ತಿಲ್ಲ. ಖಾಲಿ ಹೊಟ್ಟೆಯಲ್ಲಿ "ನಿಮ್ಮ ಉಸಿರು ಗಮನಿಸಿ" ಅಂದರೆ ಮಗು ಗಮನಿಸುವುದು ಹೊಟ್ಟೆಯನ್ನೇ.

ತರ್ಕಪ್ಪ · ಸೋಮವಾರ ರಾತ್ರಿ 10:05

ಈ ನಾಟಕ ನಾವು ಒಂದು ಸಲ ನೋಡಿ ಆಗಿದೆ. 2022ರ ನವೆಂಬರ್‌ನಲ್ಲಿ ಆಗಿನ ಶಿಕ್ಷಣ ಸಚಿವ ಬಿ.ಸಿ. ನಾಗೇಶ್ ಶಾಲೆಗಳಲ್ಲಿ ದಿನಾ 10 ನಿಮಿಷ ಧ್ಯಾನ ಮಾಡಿಸಿ ಅಂದರು. ಶಿಕ್ಷಕರಿಲ್ಲ, ಶೌಚಾಲಯ ಇಲ್ಲ, ಧ್ಯಾನ ಯಾಕೆ ಅಂತ ವಿದ್ಯಾರ್ಥಿ ಸಂಘಟನೆಗಳು ಕೂಗಿದವು. ಮುಂದಿನ ವರ್ಷ ಸರ್ಕಾರವೇ ಬದಲಾಯಿತು.

ಇನ್ನು "ಗಮನ ಹೆಚ್ಚುತ್ತದೆ" ಅನ್ನುವ ಮಾತು. ಇದನ್ನು ದೊಡ್ಡ ಮಟ್ಟದಲ್ಲಿ ಪರೀಕ್ಷೆ ಮಾಡಿದ್ದು ಬ್ರಿಟನ್‌ನಲ್ಲಿ. ಮಿರಿಯಡ್ ಅಂತ ಆ ಅಧ್ಯಯನದ ಹೆಸರು. 80ಕ್ಕೂ ಹೆಚ್ಚು ಶಾಲೆ, 11ರಿಂದ 14 ವರ್ಷದ 8 ಸಾವಿರಕ್ಕೂ ಹೆಚ್ಚು ಮಕ್ಕಳು. ಅರ್ಧ ಶಾಲೆಗಳಲ್ಲಿ ಮೈಂಡ್‌ಫುಲ್‌ನೆಸ್, ಅಂದರೆ ಈ ಕ್ಷಣದ ಮೇಲೆ ಗಮನ ಇಡುವ ಧ್ಯಾನ, ಕಲಿಸಿದರು, ಇನ್ನರ್ಧದಲ್ಲಿ ಎಂದಿನ ಪಾಠ. 2022ರಲ್ಲಿ ಫಲಿತಾಂಶ ಬಂತು. ಏನೂ ವ್ಯತ್ಯಾಸ ಇಲ್ಲ. ಮನೆಯಲ್ಲಿ ಅಭ್ಯಾಸ ಮಾಡಿ ಅಂದರೆ ಬಹಳ ಮಕ್ಕಳು ಮಾಡಲೇ ಇಲ್ಲ, ಬೋರ್ ಅಂದರು. ಮೊದಲೇ ಮನಸ್ಸು ಕುಗ್ಗಿದ್ದ ಮಕ್ಕಳಿಗೆ ಇದರಿಂದ ಸ್ವಲ್ಪ ಜಾಸ್ತಿ ತೊಂದರೆ ಆಗಿರಬಹುದು ಅನ್ನುವ ಸೂಚನೆಯೂ ಇತ್ತು.

ಮೇಷ್ಟ್ರೇ, ನಿಮ್ಮ ಆ ಕಂಬ ಹಿಡಿದ ಹುಡುಗಿ ಆ ಗುಂಪಿನವಳೇ.

ಲಿಂಗಸುಗೂರು ಮೇಷ್ಟ್ರು · ಸೋಮವಾರ ರಾತ್ರಿ 10:14

ಟೀಚರಮ್ಮ, ತಿಂದು ಬರುವವರು ಅರ್ಧ ಇರಬಹುದು. ಹಾಲು ಕೊಡುವುದು ಪ್ರಾರ್ಥನೆ ಆದ ಮೇಲೆ. ಇದನ್ನು ನಾನು ಯೋಚನೆಯೇ ಮಾಡಿರಲಿಲ್ಲ.

ದಿಲ್ಲಿ ಕನ್ನಡತಿ · ಸೋಮವಾರ ರಾತ್ರಿ 10:40

ತರ್ಕಪ್ಪನವರೇ, ಬ್ರಿಟನ್ನಿಗೆ ಯಾಕೆ ಹೋಗುತ್ತೀರಿ, ದಿಲ್ಲಿ ಇದೆಯಲ್ಲ. 2018ರ ಜುಲೈನಲ್ಲಿ ದಲೈ ಲಾಮಾ ಬಂದು ಹ್ಯಾಪಿನೆಸ್ ಪಠ್ಯಕ್ರಮ ಶುರು ಮಾಡಿದರು. ಸರ್ಕಾರಿ ಶಾಲೆಗಳಲ್ಲಿ ನರ್ಸರಿಯಿಂದ 8ನೇ ಕ್ಲಾಸಿನತನಕ. ನಾನು ಆಗ ಅಲ್ಲಿನ ಒಂದು ಸರ್ಕಾರಿ ಶಾಲೆಯಲ್ಲಿದ್ದೆ.

ಅದು ಬರೀ ಕಣ್ಣು ಮುಚ್ಚುವ ಕ್ಲಾಸಲ್ಲ. ಮೊದಲು ಕೆಲವು ನಿಮಿಷ ಸುಮ್ಮನೆ ಕೂರುವುದು, ಆಮೇಲೆ ಒಂದು ಕಥೆ ಅಥವಾ ಚಟುವಟಿಕೆ, ಅದರ ಬಗ್ಗೆ ಮಾತು. ಪರೀಕ್ಷೆ ಇಲ್ಲ, ಅಂಕ ಇಲ್ಲ. ನಿಜ ಹೇಳಬೇಕೆಂದರೆ ಕೆಲಸ ಮಾಡಿದ್ದು ಆ ಮಾತು. ಒಬ್ಬ ಹುಡುಗ, ಅಪ್ಪ ರಿಕ್ಷಾ ಓಡಿಸುತ್ತಿದ್ದರು, ಕಥೆ ಕೇಳಿ ಆದ ಮೇಲೆ ಎದ್ದು "ನಮ್ಮಪ್ಪ ಮನೆಗೆ ಬಂದಾಗ ಅವರ ಕೈ ನಡುಗುತ್ತಿರುತ್ತೆ, ನಾನು ಇವತ್ತಿನತನಕ ಯಾಕೆ ಅಂತ ಕೇಳಿಲ್ಲ" ಅಂದ. ಕ್ಲಾಸಿನಲ್ಲಿ ಪಿಟಕ್ ಅನ್ನಲಿಲ್ಲ ಯಾರೂ. ನನ್ನ ಗಣಿತದ ಕ್ಲಾಸಿನಲ್ಲಿ ಅವನು ಬಾಯಿ ಬಿಟ್ಟದ್ದೇ ನೆನಪಿಲ್ಲ.

ಕೆಟ್ಟದ್ದೂ ಇತ್ತು. ಮೇಲಿನವರು ಬರುತ್ತಾರೆ ಅಂದರೆ ಆ ದಿನ ಎಲ್ಲರೂ ಹ್ಯಾಪಿ. ಪೋರ್ಷನ್ ಮುಗಿದಿಲ್ಲ ಅಂದರೆ ಹ್ಯಾಪಿನೆಸ್ ಪೀರಿಯಡ್ಡನ್ನು ಗಣಿತ ತಿಂದುಹಾಕುತ್ತಿತ್ತು. ತಿಂದವಳು ನಾನೇ.

ತರ್ಕಪ್ಪ · ಸೋಮವಾರ ರಾತ್ರಿ 10:46

2020ರಲ್ಲಿ ಮೆಲಾನಿಯಾ ಟ್ರಂಪ್ ಬಂದು ನೋಡಿ ಹೋದರಲ್ಲ, ಆ ದಿನವೂ ಎಲ್ಲರೂ ಹ್ಯಾಪಿ ಇದ್ದರು ಅನ್ನಿ.

ದಿಲ್ಲಿ ಕನ್ನಡತಿ · ಸೋಮವಾರ ರಾತ್ರಿ 10:49

ಅದು ಮೋತಿ ಬಾಗ್ ಶಾಲೆ. ನಮ್ಮ ಶಾಲೆಗೆ ಬಂದದ್ದು ಕೋತಿ ಮಾತ್ರ.

ಅಕ್ಕಲಕೋಟೆ ಗಡಿನಾಡು · ಮಂಗಳವಾರ ಬೆಳಿಗ್ಗೆ 7:30

ಸೊಲ್ಲಾಪುರ ಜಿಲ್ಲೆಯ ಕನ್ನಡ ಶಾಲೆಯಿಂದ. ಮಹಾರಾಷ್ಟ್ರದಲ್ಲಿ ಸರ್ಕಾರದ್ದೇ ಮಿತ್ರ ಉಪಕ್ರಮ ಅಂತ ಇದೆ. ಆನಾಪಾನ, ಅಂದರೆ ಮೂಗಿನ ಹತ್ತಿರ ಉಸಿರು ಬರುವುದು ಹೋಗುವುದನ್ನು ಸುಮ್ಮನೆ ನೋಡುವುದು. ಇಗತ್‌ಪುರಿಯ ವಿಪಶ್ಯನಾ ಧ್ಯಾನ ಕೇಂದ್ರದವರ ಜೊತೆ ಸೇರಿ ನಡೆಸುತ್ತಾರೆ. ಮೊದಲು ಶಿಕ್ಷಕರಿಗೇ ತರಬೇತಿ, ಆಮೇಲೆ ಮಕ್ಕಳಿಗೆ ದಿನಕ್ಕೆ ಎರಡು ಸಲ ಹತ್ತು ಹತ್ತು ನಿಮಿಷ.

ಇದರಲ್ಲಿ ನನಗೆ ಹಿಡಿಸಿದ್ದು ಎರಡು. ಮಂತ್ರ ಇಲ್ಲ, ದೇವರ ಹೆಸರಿಲ್ಲ, ಸಮುದ್ರವೂ ಇಲ್ಲ. ಉಸಿರು ಎಲ್ಲರ ಹತ್ತಿರವೂ ಇದೆ. ಹಿಡಿಸದ್ದು ಒಂದು: ನಮ್ಮಲ್ಲಿ ಹಾಕುತ್ತಿದ್ದ ಧ್ವನಿಮುದ್ರಿಕೆ ಮರಾಠಿಯಲ್ಲಿತ್ತು. ಕನ್ನಡ ಮಕ್ಕಳು ಅದನ್ನು ಪದ್ಯದಂತೆ ಬಾಯಿಪಾಠ ಮಾಡಿ, ಮಧ್ಯಾಹ್ನ ಊಟದ ಸಾಲಿನಲ್ಲಿ ಅದೇ ರಾಗದಲ್ಲಿ ಒಬ್ಬರನ್ನೊಬ್ಬರು ಅಣಕಿಸುತ್ತಿದ್ದರು. ಕೊನೆಗೆ ರೆಕಾರ್ಡ್ ಬಿಟ್ಟು ನಾನೇ ಕನ್ನಡದಲ್ಲಿ ನಾಲ್ಕು ಮಾತು ಹೇಳಿ ಕೂರಿಸಲು ಶುರು ಮಾಡಿದೆ.

ಹೊಸಪೇಟೆ ಅಮ್ಮಿ · ಮಂಗಳವಾರ ಬೆಳಿಗ್ಗೆ 9:02

ಹೆತ್ತವರ ಕಡೆಯಿಂದ ಒಂದು ಮಾತು. ನನ್ನ ಮಗಳ ಶಾಲೆಯಲ್ಲಿ ಎರಡು ವರ್ಷದ ಹಿಂದೆ ಇಂಥದ್ದೇ ಶುರುವಾಯಿತು. ಮನೆಗೆ ಬಂದು "ಅಮ್ಮಿ, ಓಂ ಅನ್ನದೇ ಬಾಯಿ ಮಾತ್ರ ಆಡಿಸಿದೆ, ತಪ್ಪಾ?" ಅಂತ ಕೇಳಿದಳು. ಎಂಟು ವರ್ಷದ ಮಗು. ಅವಳಿಗೆ ಯಾರೂ ಜೋರು ಮಾಡಿರಲಿಲ್ಲ, ನಿಜ. ಆದರೆ ಎಲ್ಲರೂ ಕಣ್ಣು ಮುಚ್ಚಿ ಕೂತಾಗ ಇವಳೊಬ್ಬಳು ಕಣ್ಣು ತೆರೆದು, ಟೀಚರ್ ನೋಡುತ್ತಾರಾ ಅಂತ ನೋಡುತ್ತಾ ಕೂತಿದ್ದಳಂತೆ. ಅದಕ್ಕೆ ಶಾಂತಿ ಅನ್ನುತ್ತೀರಾ?

ನಾನು ಧ್ಯಾನದ ವಿರೋಧಿ ಅಲ್ಲ. ನಮ್ಮಜ್ಜ ಫಜರ್ ನಮಾಜ್ ಆದ ಮೇಲೆ ಜಪಮಾಲೆ ಹಿಡಿದು ಅರ್ಧ ಗಂಟೆ ಅಲುಗಾಡದೆ ಕೂರುತ್ತಿದ್ದರು, ಪಕ್ಕದಲ್ಲಿ ಬೆಕ್ಕು ಕೂತಿರುತ್ತಿತ್ತು. ಮೇಷ್ಟ್ರೇ, ಒಂದೇ ವಿನಂತಿ. ಮಕ್ಕಳಿಗೆ ಏನು ಹೇಳಿಸುತ್ತೀರಿ, ಏನು ಹೇಳಿಸಲ್ಲ ಅಂತ ಒಂದು ಹಾಳೆಯಲ್ಲಿ ಬರೆದು ಮೊದಲೇ ಹೆತ್ತವರಿಗೆ ಓದಿ ಹೇಳಿ. ಅಕ್ಷರ ಬಾರದವರೂ ಇರುತ್ತಾರೆ.

ಸಂಸ್ಕೃತಿ ಪ್ರಿಯ · ಮಂಗಳವಾರ ಬೆಳಿಗ್ಗೆ 9:15

ಓಂ ಅಂದರೆ ಏನು ಆಗಿಬಿಡುತ್ತದೆ? ಅದು ಬರೀ ಒಂದು ನಾದ. ಎಲ್ಲದರಲ್ಲೂ ತಕರಾರು.

ಪಾವಗಡದ ಟೀಚರಮ್ಮ · ಮಂಗಳವಾರ ಬೆಳಿಗ್ಗೆ 9:31

ಬರೀ ನಾದ ಆಗಿದ್ದರೆ ಬಿಟ್ಟುಬಿಡಲು ನಿಮಗೇನು ಕಷ್ಟ? ಸಂವಿಧಾನದ 28ನೇ ವಿಧಿ ಓದಿ. ಪೂರ್ತಿ ಸರ್ಕಾರದ ದುಡ್ಡಿನಲ್ಲಿ ನಡೆಯುವ ಶಾಲೆಯಲ್ಲಿ ಧರ್ಮಬೋಧನೆ ಕೂಡದು ಅಂತ ಸ್ಪಷ್ಟವಾಗಿದೆ. ಆ ಅಮ್ಮ ಕೇಳಿದ್ದು ಒಂದು ಹಾಳೆ. ಅಷ್ಟೂ ಕೊಡಲಾಗದಿದ್ದರೆ ನಾವು ಎಂಥ ಮೇಷ್ಟ್ರು?

ಗೋಕುಲಂ ನಿವಾಸಿ · ಮಂಗಳವಾರ ಬೆಳಿಗ್ಗೆ 10:20

ಈ ಜಗಳ ನಮ್ಮ ಮೈಸೂರಿನಿಂದ ಅಮೆರಿಕದ ಕೋರ್ಟಿನತನಕ ಹೋಗಿದೆ, ಗೊತ್ತಾ? ಹಾಸನದ ಕೌಶಿಕ ಗ್ರಾಮದ ಪಟ್ಟಾಭಿ ಜೋಯಿಸರು ಇಲ್ಲೇ ಲಕ್ಷ್ಮೀಪುರಂನಲ್ಲಿ, ಆಮೇಲೆ ಗೋಕುಲಂನಲ್ಲಿ ಅಷ್ಟಾಂಗ ಯೋಗ ಕಲಿಸುತ್ತಿದ್ದರು. ಈಗಲೂ ಬೆಳಿಗ್ಗೆ ಎಳನೀರಿನ ಗಾಡಿ ಸುತ್ತ ಬರೀ ಬಿಳಿಯರೇ. ಜೋಯಿಸರು ತೀರಿಕೊಂಡ ಮೇಲೆ ಅವರ ಹೆಸರಿನ ಒಂದು ಪ್ರತಿಷ್ಠಾನ ಕ್ಯಾಲಿಫೋರ್ನಿಯಾದ ಎನ್ಸಿನಿಟಾಸ್ ಊರಿನ ಸರ್ಕಾರಿ ಶಾಲೆಗಳಿಗೆ ಯೋಗ ಕಲಿಸಲು 5 ಲಕ್ಷ ಡಾಲರ್‌ಗೂ ಹೆಚ್ಚು ಕೊಟ್ಟಿತು. ಇದು ಹಿಂದೂ ಧರ್ಮ ಪ್ರಚಾರ ಅಂತ ಒಂದು ಕುಟುಂಬ 2013ರಲ್ಲಿ ಕೋರ್ಟಿಗೆ ಹೋಯಿತು.

ಶಾಲೆಯವರು ಏನು ಮಾಡಿದ್ದರು ಅಂದರೆ, ಸಂಸ್ಕೃತ ಪದ ಎಲ್ಲಾ ತೆಗೆದಿದ್ದರು. ಪದ್ಮಾಸನಕ್ಕೆ ಇಟ್ಟ ಹೆಸರು ಕ್ರಿಸ್‌ಕ್ರಾಸ್ ಆಪಲ್‌ಸಾಸ್. ನಮ್ಮ ಭಾಷೆಯಲ್ಲಿ ಹೇಳಬೇಕಂದರೆ ಚಕ್ಕಳಮಕ್ಕಳ! ಜಡ್ಜು ನೋಡಿ, ಹೀಗೆ ಕಲಿಸಿದರೆ ಇದು ಧರ್ಮ ಅಲ್ಲ, ವ್ಯಾಯಾಮ ಅಂದರು. 2015ರಲ್ಲಿ ಮೇಲಿನ ಕೋರ್ಟೂ ಒಪ್ಪಿತು. ಅಲಬಾಮಾ ರಾಜ್ಯದಲ್ಲಂತೂ 1993ರಿಂದ ಸರ್ಕಾರಿ ಶಾಲೆಗಳಲ್ಲಿ ಯೋಗಕ್ಕೇ ನಿಷೇಧ ಇತ್ತು. 2021ರಲ್ಲಿ ತೆಗೆದರು, ಆದರೆ "ನಮಸ್ತೆ" ಅನ್ನುವಂತಿಲ್ಲ.

ಬಿಸಿಯೂಟ ಪ್ರೇಮಿ · ಮಂಗಳವಾರ ಬೆಳಿಗ್ಗೆ 10:24

ಚಕ್ಕಳಮಕ್ಕಳ ಹಾಕಿ ಕೂರಲು ನಮ್ಮ ಮಕ್ಕಳಿಗೆ 5 ಲಕ್ಷ ಡಾಲರ್ ಬೇಡ. ಬೆಂಚು ಇಲ್ಲದಿದ್ದರೆ ತಾನಾಗೇ ಬರುತ್ತದೆ.

ಸಂಸ್ಕೃತಿ ಪ್ರಿಯ · ಮಂಗಳವಾರ ಬೆಳಿಗ್ಗೆ 10:30

ಅಂದರೆ ನಮ್ಮದನ್ನು ನಮ್ಮದು ಅನ್ನದೆ ಕಲಿಸಬೇಕು. ಚೆನ್ನಾಗಿದೆ.

ತರ್ಕಪ್ಪ · ಮಂಗಳವಾರ ಬೆಳಿಗ್ಗೆ 10:52

ಬಚ್ಚಿಟ್ಟು ಕಲಿಸಿದರೆ ಇನ್ನೂ ಕಷ್ಟ. ಮಹರ್ಷಿ ಮಹೇಶ್ ಯೋಗಿಯವರ ಭಾವಾತೀತ ಧ್ಯಾನವನ್ನು ನ್ಯೂಜೆರ್ಸಿಯ ಸರ್ಕಾರಿ ಶಾಲೆಗಳಲ್ಲಿ ಕಲಿಸಿದ್ದಕ್ಕೆ ಅಲ್ಲಿನ ಕೋರ್ಟು 1979ರಲ್ಲೇ ಇದು ಧಾರ್ಮಿಕ ಅಂತ ತೀರ್ಪು ಕೊಟ್ಟಿತ್ತು. ಆದರೂ ಮುಂದೆ ಶಿಕಾಗೋದ ಬಡ ಬಡಾವಣೆಗಳ ಶಾಲೆಗಳಿಗೆ ಅದೇ ಪದ್ಧತಿ ಕ್ವಯೆಟ್ ಟೈಮ್ ಅನ್ನುವ ಹೆಸರಿನಲ್ಲಿ ಬಂತು. ಮಂತ್ರ ಕೊಡುವ ಮೊದಲು ಒಂದು ಫೋಟೋ ಮುಂದೆ ಪೂಜೆ ನಡೆಯುತ್ತಿತ್ತು ಅಂತ ಒಬ್ಬ ವಿದ್ಯಾರ್ಥಿನಿ ಮೊಕದ್ದಮೆ ಹೂಡಿದಳು. ಪರಿಹಾರ ಕೊಟ್ಟು ರಾಜಿಯಾದರು. ಯಾವಾಗಲೂ ಗಮನಿಸಿ, ಇಂಥ ಪ್ರಯೋಗ ಶುರುವಾಗುವುದು ಬಡವರ ಶಾಲೆಯಲ್ಲೇ. ಅಲ್ಲಿ ಹೆತ್ತವರು ಬಂದು ಕೇಳಲ್ಲ.

ನಿರ್ವಾಹಕ · ಮಂಗಳವಾರ ಬೆಳಿಗ್ಗೆ 11:00

ಓಂ ಬಗ್ಗೆ ಎರಡೂ ಕಡೆಯವರು ಹೇಳಿದ್ದಾಯಿತು. ಇನ್ನು ಅದೇ ಮುಂದುವರಿದರೆ ಅಳಿಸುತ್ತೇನೆ. ಮೇಷ್ಟ್ರಿಗೆ ಶನಿವಾರದೊಳಗೆ ಉತ್ತರ ಬೇಕು.

ಸಮಾಲೋಚಕಿ ಅಕ್ಕ · ಮಂಗಳವಾರ ಮಧ್ಯಾಹ್ನ 1:18

ಹತ್ತು ವರ್ಷದಿಂದ ಶಾಲಾ ಮಕ್ಕಳ ಜೊತೆ ಕೆಲಸ ಮಾಡುತ್ತಿದ್ದೇನೆ. ಆ ಹುಡುಗಿಯ ಬಗ್ಗೆ ಮೊದಲು ಹೇಳುತ್ತೇನೆ.

ಕೆಲವು ಮಕ್ಕಳಿಗೆ ಕಣ್ಣು ಮುಚ್ಚುವುದೇ ಭಯ. ಮನೆಯಲ್ಲಿ ಹೊಡೆತ ತಿಂದಿರುವವರು, ಇನ್ನೂ ಕೆಟ್ಟದ್ದು ಅನುಭವಿಸಿರುವವರು ಯಾವಾಗಲೂ ಬಾಗಿಲ ಕಡೆ ಒಂದು ಕಣ್ಣಿಟ್ಟಿರುತ್ತಾರೆ. ಅವರಿಗೆ ಕತ್ತಲು ಅಂದರೆ ವಿಶ್ರಾಂತಿ ಅಲ್ಲ. ಧ್ಯಾನದಿಂದಲೂ ಕೆಲವರಿಗೆ ತೊಂದರೆ ಆಗುತ್ತದೆ ಅಂತ ಬ್ರೌನ್ ವಿಶ್ವವಿದ್ಯಾಲಯದ ವಿಲೋಬಿ ಬ್ರಿಟನ್ ವರ್ಷಗಟ್ಟಲೆ ಅಧ್ಯಯನ ಮಾಡಿದ್ದಾರೆ. ಅವರ ಹೆಸರೇ ಬ್ರಿಟನ್, ಆ ದೇಶ ಅಲ್ಲ ಮತ್ತೆ.

ಆದ್ದರಿಂದ "ಕಣ್ಣು ಮುಚ್ಚಿ" ಅಂತ ಹೇಳಲೇಬೇಡಿ. "ಬೇಕಿದ್ದರೆ ಮುಚ್ಚಿ, ಇಲ್ಲಾಂದರೆ ನೆಲ ನೋಡಿ" ಅನ್ನಿ. ಉಸಿರು ಗಮನಿಸಿದರೆ ಕೆಲವರಿಗೆ ಎದೆ ಬಿಗಿಯುತ್ತದೆ, ದಮ್ಮು ಇರುವ ಮಕ್ಕಳಿಗಂತೂ ಜಾಸ್ತಿ. ಅಂಥವರಿಗೆ ಹೊರಗಿನ ಸದ್ದು ಕೇಳಿಸಿಕೊಳ್ಳಲು ಹೇಳಿ, ಅಥವಾ ಅಂಗಾಲಿಗೆ ನೆಲ ತಣ್ಣಗೆ ತಾಗುವುದನ್ನು ನೋಡಲು ಹೇಳಿ. ಹದಿನೈದು ನಿಮಿಷ ಬೇಡವೇ ಬೇಡ. ಮೂರರಿಂದ ಶುರು ಮಾಡಿ. ಎದ್ದು ಹೋಗುವ ಮಗುವನ್ನು ಹೋಗಲು ಬಿಡಿ.

ಮತ್ತೆ ಆ ಹುಡುಗಿಯನ್ನು ಎಲ್ಲರೆದುರು ಯಾಕೆ ಅಂತ ಕೇಳಬೇಡಿ. ಒಬ್ಬಳೇ ಸಿಕ್ಕಾಗ, ಏನಾದರೂ ಕೆಲಸ ಮಾಡುತ್ತಾ ಮಾತಾಡಿಸಿ. ಗಂಭೀರ ಅನಿಸಿದರೆ ಮಕ್ಕಳ ಸಹಾಯವಾಣಿ 1098 ಇದೆ. ಮಾನಸಿಕ ಆರೋಗ್ಯಕ್ಕೆ ಟೆಲಿಮಾನಸ್ 14416, ಕನ್ನಡದಲ್ಲೇ ಮಾತಾಡುತ್ತಾರೆ.

ಹಾಸ್ಟೆಲ್ ಹುಡುಗ · ಮಂಗಳವಾರ ರಾತ್ರಿ 8:44

ನಾನು ವಸತಿ ಶಾಲೆಯಲ್ಲಿ ಓದಿದವನು. ನಮ್ಮಲ್ಲಿ ಧ್ಯಾನ ಅಂದರೆ ಶಿಕ್ಷೆ. ರಾತ್ರಿ ಗಲಾಟೆ ಮಾಡಿದವರನ್ನು ಬೆಳಿಗ್ಗೆ ಐದಕ್ಕೆ ಎಬ್ಬಿಸಿ, ಸಿಮೆಂಟ್ ನೆಲದ ಮೇಲೆ ಬೆನ್ನು ನೆಟ್ಟಗೆ ಮಾಡಿ ಕೂರಿಸುತ್ತಿದ್ದರು. ವಾರ್ಡನ್ ಹಿಂದೆ ನಡೆದಾಡುತ್ತಿದ್ದರು. ಅವರ ಹವಾಯಿ ಚಪ್ಪಲಿಯ ಪಟಪಟ ಸದ್ದು ಹತ್ತಿರ ಬಂದರೆ ಬೆನ್ನು ತಾನಾಗೇ ಸೆಟೆಯುತ್ತಿತ್ತು. ಈಗಲೂ ಯಾರಾದರೂ "ದೀರ್ಘವಾಗಿ ಉಸಿರು ತಗೊಳ್ಳಿ" ಅಂದರೆ ನನಗೆ ಆ ಚಪ್ಪಲಿ ಕೇಳಿಸುತ್ತದೆ.

ಆದರೆ ಒಂದು ಮಾತು ಹೇಳದಿದ್ದರೆ ತಪ್ಪಾಗುತ್ತದೆ. ಎಸ್ಸೆಸ್ಸೆಲ್ಸಿ ಗಣಿತ ಪರೀಕ್ಷೆಯ ದಿನ ಪ್ರಶ್ನೆಪತ್ರಿಕೆ ನೋಡಿ ಕೈ ಬೆವರಿತು, ಅಕ್ಷರ ಮಸುಕಾಯಿತು. ಕನ್ನಡ ಮೇಷ್ಟ್ರು ಒಬ್ಬರು ಯಾವತ್ತೋ ಹೇಳಿದ್ದರು, "ಹೆದರಿಕೆ ಆದರೆ ಉಸಿರು ಬಿಡೋದನ್ನ ನಿಧಾನ ಮಾಡು, ತಗೊಳ್ಳೋದು ತಾನಾಗೇ ಆಗುತ್ತೆ" ಅಂತ. ಹತ್ತು ಸಲ ಹಾಗೆ ಬಿಟ್ಟೆ. ಅಕ್ಷರ ಕಾಣಿಸಿತು. 61 ಬಂತು. ಒಂದೇ ವಸ್ತು, ಇಬ್ಬರ ಕೈಯಲ್ಲಿ ಎರಡು ಥರ.

ಕಬಡ್ಡಿ ಕೋಚು · ಮಂಗಳವಾರ ರಾತ್ರಿ 9:10

ಉಸಿರಿನ ತರಬೇತಿ ಬೇಕಾ? ಕಬಡ್ಡಿ ಆಡಿಸಿ. ಒಂದೇ ಉಸಿರಿನಲ್ಲಿ ಕಬಡ್ಡಿ ಕಬಡ್ಡಿ ಅಂತ ಆ ಕಡೆ ಹೋಗಿ, ಮುಟ್ಟಿ, ವಾಪಸ್ ಬರಬೇಕು. ಗಮನ ಇದೆ, ಉಸಿರು ಇದೆ, ಸಿಟ್ಟಿಗೂ ಒಂದು ದಾರಿ ಇದೆ. ಸಂಸ್ಥೆ ಬೇಡ, ಚಾಪೆ ಬೇಡ. ಸಮಸ್ಯೆ ಒಂದೇ, ಅರ್ಧ ಶಾಲೆಗಳಲ್ಲಿ ದೈಹಿಕ ಶಿಕ್ಷಕರೇ ಇಲ್ಲ.

ತರ್ಕಪ್ಪ · ಮಂಗಳವಾರ ರಾತ್ರಿ 9:13

ಇಡೀ ಚರ್ಚೆಯಲ್ಲಿ ನಾನು ಒಪ್ಪಿದ ಮೊದಲ ಮಾತು.

ಗೋಕುಲಂ ನಿವಾಸಿ · ಮಂಗಳವಾರ ರಾತ್ರಿ 9:20

ಟಿವಿ ಕಬಡ್ಡಿಯಲ್ಲಿ ಯಾರು ಸರ್ ಕಬಡ್ಡಿ ಕಬಡ್ಡಿ ಅನ್ನುತ್ತಾರೆ? ಬಾಯಿ ಅಲ್ಲಾಡುವುದೇ ಕಾಣಲ್ಲ. ಮೂವತ್ತು ಸೆಕೆಂಡ್ ಗಡಿಯಾರ ನೋಡಿಕೊಂಡು ವಾಪಸ್.

ಕಬಡ್ಡಿ ಕೋಚು · ಮಂಗಳವಾರ ರಾತ್ರಿ 9:22

ಬನ್ನಿ ನಮ್ಮ ಮೈದಾನಕ್ಕೆ, ಕೇಳಿಸುತ್ತೇನೆ.

ಮೇರಿಲ್ಯಾಂಡ್ ಮಂಜ · ಬುಧವಾರ ಬೆಳಿಗ್ಗೆ 6:05

ನಾನಿರುವುದು ಬಾಲ್ಟಿಮೋರ್ ಹತ್ತಿರ. ಪಶ್ಚಿಮ ಬಾಲ್ಟಿಮೋರ್ ಅಂದರೆ ಬಡತನ, ಗುಂಡಿನ ಸದ್ದು, ಖಾಲಿ ಮನೆಗಳು. ಅಲ್ಲಿಯೇ ಬೆಳೆದ ಇಬ್ಬರು ಅಣ್ಣತಮ್ಮಂದಿರು, ಅಲಿ ಮತ್ತು ಆತ್ಮನ್ ಸ್ಮಿತ್, ಗೆಳೆಯ ಆಂಡ್ರೆಸ್ ಗೊನ್ಸಾಲೆಸ್ ಜೊತೆ ಸೇರಿ 2001ರಲ್ಲಿ ಹೋಲಿಸ್ಟಿಕ್ ಲೈಫ್ ಫೌಂಡೇಶನ್ ಶುರು ಮಾಡಿದರು. ಹೌದು, ಹೆಸರು ಆತ್ಮನ್.

ರಾಬರ್ಟ್ ಡಬ್ಲ್ಯು. ಕೋಲ್ಮನ್ ಅನ್ನುವ ಪ್ರಾಥಮಿಕ ಶಾಲೆಯಲ್ಲಿ ಅವರು ಒಂದು ಕೋಣೆ ಮಾಡಿದ್ದರು. ಜಗಳ ಆಡಿದ ಮಗುವನ್ನು ಶಾಲೆ ಬಿಟ್ಟ ಮೇಲೆ ಕೂಡಿಹಾಕುವ ಬದಲು ಅಲ್ಲಿಗೆ ಕಳಿಸುತ್ತಿದ್ದರು. ಮೆತ್ತೆ ಇತ್ತು, ಮಂದ ದೀಪ ಇತ್ತು. ಮುಖ್ಯ ಏನೆಂದರೆ ಅಲ್ಲಿ ಒಬ್ಬ ದೊಡ್ಡವರು ಕೂತಿರುತ್ತಿದ್ದರು. ಮೊದಲು "ಏನಾಯಿತು?" ಅಂತ ಕೇಳುತ್ತಿದ್ದರು, ಆಮೇಲೆ ಉಸಿರಾಟ. 2016ರಲ್ಲಿ ಇದು ದೊಡ್ಡ ಸುದ್ದಿಯಾಯಿತು.

ತರ್ಕಪ್ಪನವರೇ, ಬ್ರಿಟನ್ನಿನದು ಹೊರಗಿನಿಂದ ತಂದು ಹಂಚಿದ ಪಾಠ. ಇವರು ಅದೇ ಓಣಿಯವರು, ಮಕ್ಕಳ ಅಪ್ಪಂದಿರ ಹೆಸರು ಗೊತ್ತಿರುವವರು. ಎರಡನ್ನೂ ಒಂದೇ ತಕ್ಕಡಿಯಲ್ಲಿ ಹಾಕಬೇಡಿ.

ತರ್ಕಪ್ಪ · ಬುಧವಾರ ಬೆಳಿಗ್ಗೆ 8:30

ಹಾಗಾದರೆ ಕೆಲಸ ಮಾಡಿದ್ದು ಧ್ಯಾನವೋ, "ಏನಾಯಿತು" ಅಂತ ಕೇಳಿದ ಆ ಮನುಷ್ಯನೋ? ಆ ಮನುಷ್ಯನಿಗೇ ಸಂಬಳ ಕೊಡಿ, ಮೆತ್ತೆ ಬಿಡಿ.

ಮೇರಿಲ್ಯಾಂಡ್ ಮಂಜ · ಬುಧವಾರ ಬೆಳಿಗ್ಗೆ 8:41

ಆ ಮನುಷ್ಯನನ್ನು ಶಾಂತವಾಗಿ ಇಡುವುದು ಏನು ಅಂತಲೂ ಕೇಳಿ. ನಿಮ್ಮ ಮಿರಿಯಡ್‌ನಲ್ಲೇ ಶಿಕ್ಷಕರ ದಣಿವು ಕಡಿಮೆ ಆಯಿತು ಅಂತ ಇದೆ. ಅದನ್ನು ನೀವು ಹೇಳಲೇ ಇಲ್ಲ.

ತರ್ಕಪ್ಪ · ಬುಧವಾರ ಬೆಳಿಗ್ಗೆ 8:44

ಹೌದು, ಅದಿದೆ. ಬಿಟ್ಟಿದ್ದೆ. ಆ ಪರಿಣಾಮ ಬಹಳ ದಿನ ನಿಲ್ಲಲಿಲ್ಲ ಅಂತಲೂ ಇದೆ.

ಅತಿಥಿ ಶಿಕ್ಷಕಿ · ಬುಧವಾರ ಸಂಜೆ 5:50

ಶಿಕ್ಷಕರ ದಣಿವು ಅಂದಿರಲ್ಲ, ನಿನ್ನೆ ನನ್ನ ದಿನ ಕೇಳಿ. ಎರಡು ಕ್ಲಾಸು ಒಟ್ಟಿಗೆ ಕೂರಿಸಿ ಪಾಠ. ಮೊಟ್ಟೆ ಎಷ್ಟು, ಬಾಳೆಹಣ್ಣು ಎಷ್ಟು ಅಂತ ಲೆಕ್ಕ. ಹಾಜರಾತಿ ಆನ್‌ಲೈನಲ್ಲಿ ಹಾಕಲು ಮೊಬೈಲ್ ಹಿಡಿದು ನೆಟ್‌ವರ್ಕ್‌ಗಾಗಿ ನೀರಿನ ಟ್ಯಾಂಕ್ ಹತ್ತಿರ ನಿಂತದ್ದು ಇಪ್ಪತ್ತು ನಿಮಿಷ. ನಿಜ ಹೇಳಲಾ, ಆ ಇಪ್ಪತ್ತು ನಿಮಿಷವೇ ನನ್ನ ಧ್ಯಾನ. ಮೇಷ್ಟ್ರೇ, ಆ ಸಂಸ್ಥೆಯವರು ಮೂರು ತಿಂಗಳಿಗೆ ಹೋಗುತ್ತಾರೆ. ಆಮೇಲೆ ಯಾರು ಮಾಡಿಸುತ್ತಾರೆ? ನಾವೇ. ಅದನ್ನು ಈಗಲೇ ಕೇಳಿ.

ಲಿಂಗಸುಗೂರು ಮೇಷ್ಟ್ರು · ಭಾನುವಾರ ಸಂಜೆ 6:30

ಎಲ್ಲರಿಗೂ ಸಭೆಯ ವರದಿ. ಮೊದಲು ಆ ಹುಡುಗಿಯ ವಿಷಯ.

ಅಕ್ಕ ಹೇಳಿದಂತೆ ಎಲ್ಲರೆದುರು ಕೇಳಲಿಲ್ಲ. ಶುಕ್ರವಾರ ಪ್ರಯೋಗದ ಸಾಮಾನು ತೊಳೆಯಲು ಅವಳನ್ನು ಕರೆದೆ. ಬೀಕರ್ ಉಜ್ಜುತ್ತಾ ನಾನಾಗಿ ಏನೂ ಕೇಳದಿದ್ದರೂ ಅವಳೇ ಹೇಳಿದಳು, "ಸರ್, ನಾಳೆಯಿಂದ ಕಣ್ಣು ಮುಚ್ಚಬೇಕಂದರೆ ನಾ ಲೇಟಾಗಿ ಬರತೀನಿ." ಯಾಕಮ್ಮ ಅಂದೆ. "ತಮ್ಮನ್ನ ಯಾರು ನೋಡತಾರೆ?"

ತಮ್ಮನಿಗೆ ಮೂರು ವರ್ಷ. ಅಪ್ಪ ಅಮ್ಮ ಬೆಂಗಳೂರಿನಲ್ಲಿ. ಅಜ್ಜಿ ಬೆಳಿಗ್ಗೆಯೇ ಕೂಲಿಗೆ ಹೋಗುತ್ತಾಳೆ. ಇವಳು ತಮ್ಮನನ್ನು ಎತ್ತಿಕೊಂಡು ಶಾಲೆಗೆ ಬರುತ್ತಾಳೆ, ಪಕ್ಕದ ಅಂಗನವಾಡಿ ಬಾಗಿಲು ತೆಗೆಯುವತನಕ ಅವನು ನಮ್ಮ ನಲ್ಲಿಯ ಹತ್ತಿರ ಆಡುತ್ತಾನೆ. ಆ ನಲ್ಲಿಯ ಪಕ್ಕದಲ್ಲೇ ನಮ್ಮ ನೀರಿನ ಸಂಪು. ಮುಚ್ಚಳ ಒಡೆದು ಎರಡು ವರ್ಷ ಆಗಿದೆ. ತಗಡು ಇಟ್ಟು ಮೇಲೊಂದು ಕಲ್ಲು ಹೇರಿದ್ದೇವೆ.

ನಾನು ಆ ಮಗುವನ್ನು ದಿನಾ ನೋಡಿದ್ದೇನೆ. ಯಾರದೋ ಮಗು ಅಂದುಕೊಂಡಿದ್ದೆ.

ಸಮಾಲೋಚಕಿ ಅಕ್ಕ · ಭಾನುವಾರ ಸಂಜೆ 6:42

ಅಯ್ಯೋ. ನಾನು ಏನೆಲ್ಲಾ ಊಹಿಸಿಬಿಟ್ಟೆ.

ತರ್ಕಪ್ಪ · ಭಾನುವಾರ ಸಂಜೆ 6:45

ನಾನಂತೂ ಅವಳನ್ನು ಒಂದು ಅಧ್ಯಯನದ ಗುಂಪಿಗೇ ಸೇರಿಸಿಬಿಟ್ಟಿದ್ದೆ. ಸಂಪಿಗೆ ಮುಚ್ಚಳ ಬಂತಾ?

ಲಿಂಗಸುಗೂರು ಮೇಷ್ಟ್ರು · ಭಾನುವಾರ ಸಂಜೆ 7:20

ಸಭೆಯಲ್ಲಿ ಮೊದಲ ತೀರ್ಮಾನವೇ ಅದು. ಎಸ್‌ಡಿಎಂಸಿ ಅಧ್ಯಕ್ಷರು ಗಾರೆ ಕೆಲಸದವರು, ಭಾನುವಾರ ಬೆಳಿಗ್ಗೆಯೇ ಸ್ಲ್ಯಾಬ್ ಹಾಕಿ ಹೋದರು. ಎರಡು ವರ್ಷ ಬರೆದ ಪತ್ರಗಳೆಲ್ಲ ಫೈಲಿನಲ್ಲೇ ಇವೆ. ಅಂಗನವಾಡಿ ಟೀಚರು ಆ ಪುಟ್ಟ ತಮ್ಮನನ್ನು ಮುಂಚೆಯೇ ತಮ್ಮ ಮನೆಗೆ ಕರೆದುಕೊಳ್ಳುತ್ತೇನೆ ಅಂದಿದ್ದಾರೆ.

ಧ್ಯಾನದ ಬಗ್ಗೆ ಒಂದು ಗಂಟೆ ಜಗಳ ಆಯಿತು. ಕೊನೆಗೆ ಮೂರು ತಿಂಗಳು ನೋಡೋಣ ಅಂತಾಯಿತು. ಬೆಳಿಗ್ಗೆ ಬೇಡ, ಮಧ್ಯಾಹ್ನ ಊಟ ಆದ ಮೇಲೆ. ಐದು ನಿಮಿಷ. ಕಣ್ಣು ಮುಚ್ಚುವುದು ಮಕ್ಕಳ ಇಷ್ಟ. ಮಂತ್ರ, ಫೋಟೋ ಯಾವುದೂ ಇಲ್ಲ. ಅಮ್ಮಿ ಕೇಳಿದ ಹಾಳೆ ಬರೆದು ಸಭೆಯಲ್ಲಿ ಗಟ್ಟಿಯಾಗಿ ಓದಿದೆ. ವಾರಕ್ಕೆ ಒಂದು ದಿನ ದಿಲ್ಲಿಯವರು ಹೇಳಿದಂತೆ ಕಥೆ, ಮಾತು. ಆ ದಿನ ನಾವೂ ಮಕ್ಕಳ ಜೊತೆ ನೆಲದ ಮೇಲೆ ಕೂರಬೇಕು. ಇದಕ್ಕೆ ಒಬ್ಬ ಸಹೋದ್ಯೋಗಿ ಮಂಡಿ ನೋವು ಅಂದರು, ಅವರಿಗೆ ಕುರ್ಚಿ. ಸಂಸ್ಥೆಯ ಹುಡುಗಿ ಎಲ್ಲಕ್ಕೂ ಒಪ್ಪಿದಳು. ಸಂಪಿನ ವಿಷಯ ಕೇಳಿ ಅವಳ ಕಣ್ಣಲ್ಲಿ ನೀರು ಬಂತು.

ಹೊಸಪೇಟೆ ಅಮ್ಮಿ · ಭಾನುವಾರ ಸಂಜೆ 7:31

ಆ ಹಾಳೆಯ ಫೋಟೋ ಇಲ್ಲಿ ಹಾಕಿ ಮೇಷ್ಟ್ರೇ. ನಮ್ಮ ಶಾಲೆಗೂ ಒಯ್ದು ತೋರಿಸುತ್ತೇನೆ.

ಅತಿಥಿ ಶಿಕ್ಷಕಿ · ಭಾನುವಾರ ಸಂಜೆ 7:40

ಊಟ ಆದ ಮೇಲೆ ಅಂದರೆ ಎಲ್ಲಾ ನಿದ್ದೆ ಹೋಗುತ್ತವೆ, ನೋಡುತ್ತಿರಿ.

ಲಿಂಗಸುಗೂರು ಮೇಷ್ಟ್ರು · ಮಂಗಳವಾರ ರಾತ್ರಿ 8:15

ಹೋದವು. ನಿನ್ನೆ ಮೊದಲ ದಿನ ಹನ್ನೊಂದು ಜನ ನಿದ್ದೆ. ಎಬ್ಬಿಸಲಿಲ್ಲ. ಅವಳು ಅದೇ ಕಂಬಕ್ಕೆ ಒರಗಿ ಕೂತಿದ್ದಳು. ಕಣ್ಣು ತೆರೆದೇ ಇತ್ತು, ಕಾಗೆಗಳು ಅನ್ನದ ಅಗುಳು ಹೆಕ್ಕುವುದನ್ನು ನೋಡುತ್ತಿದ್ದಳು.

ಬಿಸಿಯೂಟ ಪ್ರೇಮಿ · ಮಂಗಳವಾರ ರಾತ್ರಿ 8:17

ಮತ್ತೆ ಸಮುದ್ರ ಏನಾಯಿತು?

ಲಿಂಗಸುಗೂರು ಮೇಷ್ಟ್ರು · ಮಂಗಳವಾರ ರಾತ್ರಿ 8:26

ಸಂಸ್ಥೆಯ ಹುಡುಗಿ ಸಮುದ್ರ ತೆಗೆದು ಜೋಳದ ಹೊಲ ಮಾಡಿದ್ದಾಳೆ. "ತಣ್ಣನೆ ಗಾಳಿ ಬೀಸುತ್ತಿದೆ, ತೆನೆಗಳು ತೂಗುತ್ತಿವೆ" ಅಂದಳು. ಡ್ಯಾಮ್ ಕೇಳಿದ ಹುಡುಗನೇ ಥಟ್ಟನೆ ಎದ್ದು ಕೂತ. "ಟೀಚರ್, ಹಂದಿ ಬಂದಾವ."